ಕಂದಕ ಇದ್ದರೆ ಕೋಟೆನಾ?

ದೊಡ್ಡಪ್ಪ: (ಫಾರ್ವರ್ಡ್) ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿರುವ ಬ್ಯಾಡೆಸ್ಲಿ ಕ್ಲಿಂಟನ್ ಕೋಟೆ. ಸುತ್ತಲೂ ನೀರು ತುಂಬಿದ ಕಂದಕ. ಶತ್ರು ಸೈನ್ಯ ಹತ್ತಿರವೂ ಸುಳಿಯುತ್ತಿರಲಿಲ್ಲ!

ಅತ್ತೆ: ಎಷ್ಟು ಚೆನ್ನಾಗಿದೆ ಅಲ್ವಾ!

ನಾನು: ಫೋಟೋ ಚೆನ್ನಾಗಿದೆ ದೊಡ್ಡಪ್ಪ. ಆದರೆ ಇದು ಕೋಟೆ ಅಲ್ಲ, ಜಮೀನ್ದಾರರ ಮನೆ. ಹೀಗೆ ಕಂದಕ ಇರುವ ಹಳೇ ಮನೆ ಜಾಗಗಳು ಇಂಗ್ಲೆಂಡಿನಲ್ಲಿ ಸುಮಾರು 6,000 ಇವೆ. ಅಷ್ಟೂ ಕೋಟೆಗಳೇ?

ದೊಡ್ಡಪ್ಪ: ಭಯ ಇಲ್ಲದೆ ಯಾರಮ್ಮಾ ಮನೆ ಸುತ್ತ ಅಷ್ಟು ಅಗೆಸುತ್ತಾರೆ? ಕೂಲಿಯೇ ಎಷ್ಟಾಗಿರಬೇಕು!

ನಾನು: ಆ ಖರ್ಚು ನಾಲ್ಕು ಜನರಿಗೆ ಕಾಣಲಿ ಅಂತಲೇ ಅಗೆಸುತ್ತಿದ್ದರು. ಜಾಸ್ತಿ ಅಗೆದಿದ್ದು 1250ರಿಂದ 1350ರ ನಡುವೆ. ದೊಡ್ಡ ಪ್ರಭುಗಳ ಕೋಟೆಗೆ ಕಂದಕ ಇತ್ತು. ಅದನ್ನು ನೋಡಿ ಸಣ್ಣ ಜಮೀನ್ದಾರರು, ಅನುಕೂಲಸ್ಥ ರೈತರು ಕೂಡ ಮಾಡಿಸಿಕೊಂಡರು. ಗೋಡೆ ಮೇಲೆ ಕೋಟೆಯ ತೆನೆ, ಅಂದರೆ ಹಲ್ಲಿನ ಸಾಲಿನಂಥ ಅಂಚು, ಕಟ್ಟಿಸಲು ರಾಜನ ಅಪ್ಪಣೆ ಪತ್ರ ತರುತ್ತಿದ್ದರು. ಕಂದಕಕ್ಕೆ ಆ ರಗಳೆ ಇರಲಿಲ್ಲ.

ಚಿಕ್ಕಪ್ಪ: ಬರೀ ಜಂಬಕ್ಕೆ ಅಂದರೆ ನಾನು ಒಪ್ಪುವುದಿಲ್ಲ. ನೀರು ಬಾಗಿಲಲ್ಲೇ ಇದ್ದರೆ ಮೀನು ಸಾಕಬಹುದು. ಬೆಂಕಿ ಬಿದ್ದರೆ ಆರಿಸಬಹುದು.

ನಾನು: ಹೌದು ಚಿಕ್ಕಪ್ಪ, ಮೀನು ಸಾಕುತ್ತಿದ್ದರು. ಇನ್ನೂ ಒಂದಿದೆ. ಪೂರ್ವ ಇಂಗ್ಲೆಂಡಿನ ಸಫೊಕ್, ಎಸೆಕ್ಸ್ ಕಡೆ ಈ ಕಂದಕಗಳು ತುಂಬಾ ಜಾಸ್ತಿ. ಅಲ್ಲಿ ಜೇಡಿಮಣ್ಣು, ನೀರು ಬೇಗ ಇಂಗುವುದಿಲ್ಲ. ಅಗೆದ ಮಣ್ಣನ್ನು ನಡುವೆ ಹರಡಿದರೆ ಮನೆ ಕಟ್ಟುವ ಜಾಗ ಎತ್ತರವಾಗುತ್ತದೆ, ಥಂಡಿ ಕಡಿಮೆ.

ದೊಡ್ಡಪ್ಪ: ಕಳ್ಳರನ್ನು ಮರೆತೆಯಲ್ಲ?

ನಾನು: ಕಳ್ಳರು, ದನಕರು ಒಳಗೆ ಬರದಂತೆ ಅಂದರೆ ಸರಿ. ಸೈನ್ಯ ಅಂದಿರಲ್ಲ, ಅದಕ್ಕೆ ನನ್ನ ತಕರಾರು. ಎಲಿಜಬೆತ್ ರಾಣಿಯ ಕಾಲ, 1591. ಕ್ಯಾಥೊಲಿಕ್ ಪಾದ್ರಿಗಳನ್ನು ಹಿಡಿಯಲು ಸರ್ಕಾರದ ಜನ ಇದೇ ಮನೆಗೆ ಬಂದರು. ಒಳಗೆ ನುಗ್ಗಿ ಮೂಲೆ ಮೂಲೆ ಹುಡುಕಿದರು. ಕಂದಕ ಏನು ತಡೆಯಿತು? ಪಾದ್ರಿಗಳು ಮನೆ ಅಡಿಯ ಹಳೇ ಚರಂಡಿಯಲ್ಲಿ ಅಡಗಿದರು. ಸುಮಾರು 4 ತಾಸು ನೀರಿನಲ್ಲೇ ನಿಂತಿದ್ದರು.

ಅತ್ತೆ: ಅಯ್ಯೋ! ಸಿಕ್ಕಿಬಿದ್ದರಾ?

ನಾನು: ಇಲ್ಲ ಅತ್ತೆ, ಉಳಿದುಕೊಂಡರು.

ದೊಡ್ಡಪ್ಪ: ಆಯ್ತು, ಸೈನ್ಯ ಬೇಡ. ಆದರೂ ಸುತ್ತ ನೀರಿದೆ ಅಂತ ರಾತ್ರಿ ನೆಮ್ಮದಿಯಾಗಿ ಮಲಗುವುದು ಸಣ್ಣ ವಿಷಯ ಅಲ್ಲ.

ನಾನು: ಅದನ್ನು ಒಪ್ಪುತ್ತೇನೆ. ಆದರೆ ಎಷ್ಟೋ ಕಡೆ ಈಗ ಮನೆಯೇ ಇಲ್ಲ, ಹೊಲದಲ್ಲಿ ಹುಲ್ಲು ಬೆಳೆದ ಚೌಕದ ಹಳ್ಳ ಅಷ್ಟೇ. ಕೋಟೆ, ಸೈನ್ಯ ಅಂತ ಓದಿದವರು ಆ ಹಳ್ಳದ ನಡುವೆ ಒಂದು ಸಂಸಾರ ಬಾಳಿದ್ದನ್ನು ಗಮನಿಸುವುದೇ ಇಲ್ಲ. ಬೇರೆ ಗುಂಪಿಗೆ ಕಳಿಸುವ ಮುಂಚೆ ಆ ಸಾಲು ತೆಗೆಯಿರಿ ದೊಡ್ಡಪ್ಪ.

ದೊಡ್ಡಪ್ಪ: ಸೈನ್ಯದ ಸಾಲು ತೆಗೆಯುತ್ತೇನೆ. ಕಳ್ಳರ ಭಯ ಅಂತ ಸೇರಿಸುತ್ತೇನೆ.

ಚಿಕ್ಕಪ್ಪ: ಮೀನೂ ಸೇರಿಸಣ್ಣ.