ಸೈಟ್ ರೆಡಿ ಇದೆ, ಹೋಸ್ಟಿಂಗ್‌ಗೆ ಏರಿಸೋದು ಹೇಗೆ? (ತಿಪಟೂರು, ಕೊಬ್ಬರಿ ಮಂಡಿ ಸೈಟ್)

ತೆಂಗಿನಗರಿ:
ಚಿಕ್ಕಪ್ಪನ ಕೊಬ್ಬರಿ ಮಂಡಿಗೆ ಐದು ಪುಟದ ಸೈಟ್ ಮಾಡಿದ್ದೀನಿ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್. ಡೇಟಾಬೇಸ್ ಇಲ್ಲ. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ತೆರೆಯುತ್ತೆ. ಡಾಟ್ ಇನ್ ಡೊಮೇನ್ (ಸೈಟಿನ ವಿಳಾಸ) ಒಂದು ಕಡೆ, ಸಿಪ್ಯಾನೆಲ್ (ಹೋಸ್ಟಿಂಗ್ ನೋಡ್ಕೊಳ್ಳೋ ಕಂಟ್ರೋಲ್ ಪುಟ) ಇರೋ ಲಿನಕ್ಸ್ ಹೋಸ್ಟಿಂಗ್ (ಸೈಟಿನ ಫೈಲ್ ಇಡೋ ಸರ್ವರ್ ಜಾಗ) ಇನ್ನೊಂದು ಕಡೆ ತಗೊಂಡಿದ್ದೀವಿ. ಡೊಮೇನ್ ಹೊಡೆದ್ರೆ ಯಾವುದೋ ಜಾಹೀರಾತು ಪುಟ ಬರುತ್ತೆ. ಫೈಲ್‌ಗಳನ್ನ ಎಲ್ಲಿಗೆ, ಯಾವುದರಿಂದ ಹಾಕ್ಬೇಕು? ದರದ ಪುಟ ಆಗಾಗ ಬದಲಾಗುತ್ತೆ, ಅದಕ್ಕೂ ದಾರಿ ಹೇಳಿ.

ಶಿರಾಗೇಟ್:
ಇಲ್ಲಿ ಎರಡು ಕೆಲಸ ಇವೆ, ಒಂದಕ್ಕೊಂದು ಸಂಬಂಧ ಇಲ್ಲ. ಫೈಲ್ ಏರಿಸೋದು ಹೋಸ್ಟಿಂಗ್ ಕಡೆ. ಡೊಮೇನನ್ನ ಆ ಸರ್ವರ್ ಕಡೆ ತಿರುಗಿಸೋದು ಡೊಮೇನ್ ಕೊಂಡ ಕಡೆ. ನಿಮಗೆ ಬರ್ತಿರೋ ಜಾಹೀರಾತು ಪುಟ ಎರಡನೇದು ಆಗಿಲ್ಲ ಅನ್ನೋದರ ಗುರುತು. ಫೈಲ್ ಎಷ್ಟು ಸಲ ಏರಿಸಿದ್ರೂ ಅದು ಹೋಗಲ್ಲ.

ಡೊಮೇನ್ ಖಾತೆಯಲ್ಲಿ ನೇಮ್‌ಸರ್ವರ್ ಅಂತ ಇರುತ್ತೆ, ಡೊಮೇನಿನ ರೆಕಾರ್ಡ್‌ಗಳನ್ನ ಇಟ್ಟು ಸೈಟ್ ಎಲ್ಲಿದೆ ಅಂತ ಹೇಳೋ ಸರ್ವರ್ ಅದು. ಹೋಸ್ಟ್‌ನವರು ಕಳಿಸಿದ ಮೇಲ್‌ನಲ್ಲಿರೋ ಎರಡು ನೇಮ್‌ಸರ್ವರ್ ಅಲ್ಲಿ ಹಾಕಿ ಉಳಿಸಿ. ಆ ಡೊಮೇನ್‌ನಲ್ಲಿ ಈಗಾಗಲೇ ಇಮೇಲ್ ನಡೀತಿದ್ರೆ ಮಾತ್ರ ಹಾಗೆ ಮಾಡಬೇಡಿ, ಎಂಎಕ್ಸ್ ರೆಕಾರ್ಡ್ (ಮೇಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಸಾಲು) ಹಳೇ ಕಡೆಯೇ ಉಳಿದು ಮೇಲ್ ನಿಂತುಹೋಗುತ್ತೆ. ಆಗ ಎ ರೆಕಾರ್ಡ್ (ಸೈಟ್ ಯಾವ ಸರ್ವರ್‌ನಲ್ಲಿದೆ ಅಂತ ತೋರಿಸೋ ಸಾಲು) ಒಂದನ್ನೇ ಬದಲಿಸಿ ಸರ್ವರ್‌ನ ಐಪಿ (ಅಂಕಿಗಳ ವಿಳಾಸ) ಕೊಡಿ. ಮೊದಲೇ ಇದ್ದ ಜಾಹೀರಾತು ಪುಟದ ಎ ರೆಕಾರ್ಡ್ ಅಳಿಸೋದು ಮರೀಬೇಡಿ. ಎರಡೂ ಇದ್ರೆ ಒಮ್ಮೆ ನಿಮ್ಮ ಸೈಟ್, ಒಮ್ಮೆ ಜಾಹೀರಾತು ಬರುತ್ತೆ. ಬದಲಾವಣೆ ಎಲ್ಲರಿಗೂ ತಲುಪೋಕೆ ಕೆಲವು ನಿಮಿಷದಿಂದ 48 ಗಂಟೆವರೆಗೂ ಹಿಡಿಯಬಹುದು. ನಡುವೆ ಪದೇಪದೇ ಬದಲಾಯಿಸ್ತಾ ಕೂತರೆ ಇನ್ನೂ ಗೋಜಲು.

ನಂದಿತಪ್ಪಲು:
ಐದು ಪುಟಕ್ಕೆ ಮೊದಲ ಸಲ ಫೈಲ್‌ಜಿಲ್ಲಾ (ಫೈಲ್ ಏರಿಸೋ ಸಾಫ್ಟ್‌ವೇರ್) ಬೇಕಿಲ್ಲ. ಸಿಪ್ಯಾನೆಲ್‌ನಲ್ಲಿ ಫೈಲ್ ಮ್ಯಾನೇಜರ್ ತೆಗೀರಿ, ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್ ಒಳಗೆ ಹೋಗಿ. ಜಗತ್ತಿಗೆ ಕಾಣೋದು ಅದರೊಳಗಿದ್ದದ್ದು ಮಾತ್ರ. ಲ್ಯಾಪ್‌ಟಾಪಲ್ಲಿ ಸೈಟ್ ಫೋಲ್ಡರ್ ತೆರೆದು, ಒಳಗಿನದನ್ನೆಲ್ಲ ಸೆಲೆಕ್ಟ್ ಮಾಡಿ ಜಿಪ್ ಮಾಡಿ. ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದ್ರೆ ಬಿಚ್ಚಿದಾಗ ಫೋಲ್ಡರ್ ಒಳಗೆ ಫೋಲ್ಡರ್ ಆಗಿ, ಮುಖಪುಟ ಸಿಗದೆ 403 (ನೋಡೋಕೆ ಅನುಮತಿ ಇಲ್ಲ) ಅನ್ನೋ ಎರರ್ ಬರಬಹುದು. ಅಪ್‌ಲೋಡ್, ಎಕ್ಸ್‌ಟ್ರ್ಯಾಕ್ಟ್ ಆದ ಮೇಲೆ ಜಿಪ್ ಅಳಿಸಿ. ಹೋಸ್ಟ್‌ನವರು ಇಟ್ಟಿರೋ ಡೀಫಾಲ್ಟ್ ಪುಟ ಇದ್ರೆ ಅದನ್ನೂ ತೆಗೀರಿ. ಮುಖಪುಟದ ಹೆಸರು ಇಂಡೆಕ್ಸ್.ಎಚ್‌ಟಿಎಂಎಲ್, ಎಲ್ಲಾ ಇಂಗ್ಲಿಷಿನ ಚಿಕ್ಕಕ್ಷರದಲ್ಲೇ ಇರಲಿ.

ಫೋನಿನ ಫೋಟೋ ಹಾಗೇ ಹಾಕಬೇಡಿ. ಉಂಡೆ ಕೊಬ್ಬರಿಯ ಒಂದು ಚಿತ್ರವೇ 4 ಎಂಬಿ ಆದ್ರೆ, ಮಂಡಿಯಲ್ಲಿ ನಿಂತು ಮೊಬೈಲಲ್ಲಿ ನೋಡೋ ರೈತರಿಗೆ ತೆರೆಯೋದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, 200 ಕೆಬಿ ಒಳಗೆ ಬರೋ ಹಾಗೆ ನೋಡ್ಕೊಳ್ಳಿ.

ಶಿರಾಗೇಟ್:
ದರ ಬದಲಿಸೋಕೆ ಮಾತ್ರ ಫೈಲ್‌ಜಿಲ್ಲಾ ವಾಸಿ ಅಂತೀನಿ. ಫೈಲ್ ಮ್ಯಾನೇಜರ್‌ನ ಎಡಿಟ್‌ನಲ್ಲೇ ದರ ತಿದ್ದಿದ್ರೆ ಲ್ಯಾಪ್‌ಟಾಪಿನ ಪ್ರತಿ ಹಳೇದಾಗಿ ಉಳಿಯುತ್ತೆ. ಮುಂದೊಂದು ದಿನ ಯಾರೋ ಅದನ್ನೇ ಏರಿಸ್ತಾರೆ, ಹಳೇ ದರ ಮೇಲೆ ಬಂದು ಕೂರುತ್ತೆ. ಯಾವಾಗಲೂ ಲ್ಯಾಪ್‌ಟಾಪಲ್ಲಿ ತಿದ್ದಿ, ಆಮೇಲೆ ಏರಿಸಿ.

ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್‌ನಲ್ಲಿ ಎಫ್‌ಟಿಪಿ (ಸರ್ವರ್‌ಗೆ ಫೈಲ್ ಕಳಿಸೋ ವಿಧಾನ), ಪೋರ್ಟ್ 21, ಎನ್‌ಕ್ರಿಪ್ಶನ್ ಜಾಗದಲ್ಲಿ 'ರಿಕ್ವೈರ್ ಎಕ್ಸ್‌ಪ್ಲಿಸಿಟ್ ಎಫ್‌ಟಿಪಿ ಓವರ್ ಟಿಎಲ್‌ಎಸ್'. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗುತ್ತೆ. ಡೊಮೇನ್ ಇನ್ನೂ ತಿರುಗದಿದ್ರೆ ಹೋಸ್ಟ್ ಜಾಗದಲ್ಲಿ ಡೊಮೇನ್ ಬರೀಬೇಡಿ, ಸರ್ವರ್ ಐಪಿ ಬರೀರಿ. ಸಿಪ್ಯಾನೆಲ್‌ನಲ್ಲಿ ಹೊಸ ಎಫ್‌ಟಿಪಿ ಖಾತೆ ಮಾಡಿದ್ರೆ ಯೂಸರ್‌ನೇಮ್ ಪೂರ್ತಿ ಬೇಕು, '@' ಮತ್ತು ಡೊಮೇನ್ ಸೇರಿಸಿ. ಇಲ್ಲಾಂದ್ರೆ 530, ಅಂದ್ರೆ ಲಾಗಿನ್ ಆಗಲ್ಲ. ಆ ಖಾತೆ ಮಾಡುವಾಗ ಡೈರೆಕ್ಟರಿ ಅನ್ನೋ ಜಾಗದಲ್ಲಿ ತಾನಾಗೇ ಒಂದು ಒಳಫೋಲ್ಡರ್ ತುಂಬಿಕೊಳ್ಳುತ್ತೆ. ಅಲ್ಲಿ ಪಬ್ಲಿಕ್_ಎಚ್‌ಟಿಎಂಎಲ್ ಮಾತ್ರ ಉಳಿಸಿ. 'ಸೈಟ್ ಏರಿಸಿದೆ, ಕಾಣ್ತಿಲ್ಲ' ಅನ್ನೋರಲ್ಲಿ ಎಷ್ಟೋ ಜನರ ಫೈಲ್ ಆ ಒಳಫೋಲ್ಡರ್‌ನಲ್ಲಿ ಕೂತಿರುತ್ತೆ.

ತೆಂಗಿನಗರಿ:
ಧನ್ಯವಾದ ಗುರುಗಳೇ, ಮುಖಪುಟ ಬಂತು. ಆದ್ರೆ ಎರಡು ಚಿತ್ರ ಬಿಟ್ಟು ಉಳಿದವು ಕಾಣ್ತಿಲ್ಲ. ದರದ ಪುಟದಲ್ಲಿ ಕನ್ನಡದ ಬದಲು ಅರ್ಥ ಆಗದ ಇಂಗ್ಲಿಷ್ ಅಕ್ಷರ. ಲ್ಯಾಪ್‌ಟಾಪಲ್ಲಿ ಮಾತ್ರ ಎಲ್ಲಾ ಸರಿಯಾಗೇ ಇದೆ!

ಕೋಲಾರದ ಕೀಲಿ:
ಚಿತ್ರಗಳದು ಹೆಸರಿನ ತಕರಾರು ಇರಬೇಕು. ವಿಂಡೋಸ್‌ಗೆ ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಕ್ಯಾಮೆರಾದಿಂದ ಬಂದ ಫೈಲ್‌ನಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿದ್ದು, ಕೋಡ್‌ನಲ್ಲಿ ನೀವು ಚಿಕ್ಕದರಲ್ಲಿ ಬರೆದಿದ್ರೆ 404, ಅಂದ್ರೆ ಫೈಲ್ ಸಿಗಲಿಲ್ಲ. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರಿಫ್ರೆಶ್ ಮಾಡಿ. ಕೆಂಪಗೆ ಕಾಣೋ ಸಾಲುಗಳೇ ಸಿಗದ ಫೈಲ್‌ಗಳು. ವಿಳಾಸ 'ಸಿ' ಡ್ರೈವ್‌ನಿಂದ ಶುರುವಾಗಿದ್ರೆ ಅದು ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಸಿಗೋದು. ಹೆಸರುಗಳಲ್ಲಿ ಖಾಲಿ ಜಾಗ ಬೇಡ, ಅಡ್ಡಗೆರೆ ಹಾಕಿ.

ಕನ್ನಡದ್ದಕ್ಕೆ ಬರ್ತೀನಿ. ಇದರಲ್ಲಿ ಎರಡು ಥರ. ಇಂಗ್ಲಿಷಿನ ಚಿಕ್ಕ 'ಎ' (a) ತಲೆ ಮೇಲೆ ಓರೆಗೆರೆ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೇ ಮರುಕಳಿಸ್ತಾ ಇದ್ರೆ ಪಠ್ಯ ಯುನಿಕೋಡ್‌ನಲ್ಲೇ (ಎಲ್ಲಾ ಕಡೆ ಓದೋಕಾಗೋ ಅಕ್ಷರ ಪದ್ಧತಿ) ಇದೆ, ಬ್ರೌಸರ್‌ಗೆ ಹೇಳಿಲ್ಲ ಅಷ್ಟೇ. ಹೆಡ್ ಭಾಗದ ಮೊದಲಲ್ಲೇ ಯುಟಿಎಫ್-8 ಅಂತ ಮೆಟಾ ಚಾರ್‌ಸೆಟ್ ಸಾಲು (ಅಕ್ಷರಗಳನ್ನ ಹೇಗೆ ಓದ್ಬೇಕು ಅಂತ ಬ್ರೌಸರ್‌ಗೆ ಹೇಳೋದು) ಹಾಕಿ. ಹಾಗಲ್ಲದೆ ಮಾಮೂಲಿ ಇಂಗ್ಲಿಷ್ ಅಕ್ಷರಗಳ ನಡುವೆ ಓರೆಗೆರೆಯ ದೊಡ್ಡ 'ಎ' (A) ಸಿಕ್ಕಾಪಟ್ಟೆ ಇದ್ರೆ, ಅದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಆಗಿದೆ. ನಿಮ್ಮ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇದೆ, ಬೇರೆಯವರಲ್ಲಿ ಇಲ್ಲ. ಮೆಟಾ ಸಾಲಿನಿಂದ ಅದು ಸರಿಹೋಗಲ್ಲ. ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ತಿರುಗಿಸಿ, ಯುಟಿಎಫ್-8 ಆಗಿ ಉಳಿಸಿ, ಮತ್ತೆ ಏರಿಸಿ. ಒತ್ತಕ್ಷರ ಒಮ್ಮೆ ಕಣ್ಣಾರೆ ನೋಡಿಬಿಡಿ, ಅಲ್ಲಲ್ಲಿ ಕೆಡುತ್ತೆ.

ನಂದಿತಪ್ಪಲು:
ತಿದ್ದಿ ಏರಿಸಿದ ಮೇಲೂ ಹಳೇದೇ ಕಂಡ್ರೆ ಕಂಟ್ರೋಲ್ ಎಫ್5. ಸೈಟಿಗೆ ಎಚ್‌ಟಿಟಿಪಿಎಸ್ ಕೊಡೋ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಡಿ. ಸಿಪ್ಯಾನೆಲ್‌ನ ಆಟೋಎಸ್‌ಎಸ್‌ಎಲ್ ಇದ್ರೆ ಅದೇ ಉಚಿತವಾಗಿ ಹಾಕುತ್ತೆ. ಡೊಮೇನ್ ಈಗ ತಿರುಗಿದೆಯಲ್ಲ, ಎಸ್‌ಎಸ್‌ಎಲ್ ಸ್ಟೇಟಸ್‌ಗೆ ಹೋಗಿ 'ರನ್ ಆಟೋಎಸ್‌ಎಸ್‌ಎಲ್' ಒತ್ತಿ. ತಿರುಗೋ ಮುಂಚೆ ಒತ್ತಿದ್ರೆ ಫೇಲ್ ಆಗುತ್ತೆ, ಡೊಮೇನ್ ಆ ಸರ್ವರ್‌ಗೆ ಬರುತ್ತಾ ಅಂತ ನೋಡಿಯೇ ಸರ್ಟಿಫಿಕೇಟ್ ಕೊಡೋದು.