ಸಹಾಯ ಬೇಕು: ಈ ಹಳೇ ಬೀಟಲ್ ಯಾವ ವರ್ಷದ್ದು?

ತಾತನ ಫೋಕ್ಸ್‌ವ್ಯಾಗನ್ ಬೀಟಲ್ ಈಗಿಲ್ಲ, ಕಾಗದಪತ್ರವೂ ಇಲ್ಲ. ಉಳಿದಿರುವುದು ಎರಡೇ ಕಪ್ಪು-ಬಿಳುಪು ಫೋಟೋ.

ಒಂದರಲ್ಲಿ ಬಾಗಿಲ ಗಾಜಿನ ಮುಂದೆ, ತಿರುಗಿಸಿ ತೆರೆಯುವ ಪುಟ್ಟ ತ್ರಿಕೋನದ ಗಾಜಿದೆ. ಅದು ಬಂದಿದ್ದು 1952ರ ಅಕ್ಟೋಬರಿನಲ್ಲಿ. ಹಾಗಾಗಿ ಕಾರು ಅದಕ್ಕಿಂತ ಹಳೆಯದಲ್ಲ, ಅಲ್ವಾ? ಇನ್ನೊಂದು ಹಿಂದಿನಿಂದ ತೆಗೆದದ್ದು. ಹಿಂದಿನ ಕಿಟಕಿ ಚಿಕ್ಕದು, ಅಂಚು ದುಂಡಗಿದೆ. 1957ರಲ್ಲಿ ಬಂದ ದೊಡ್ಡ ಗಾಜು ಅಲ್ಲವೇ ಅಲ್ಲ.

ಕಿಟಕಿಯ ನಡುವೆ ಪಟ್ಟಿ ಇದ್ದರೆ 1953ರ ಮಾರ್ಚ್‌ವರೆಗಿನದು, ಇಲ್ಲದಿದ್ದರೆ ಆಮೇಲಿನದು. ಸರಿಯಾಗಿ ಅಲ್ಲೇ ಚಿಕ್ಕಪ್ಪನ ತಲೆ ಅಡ್ಡ! ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ, ಬರೀ ಚುಕ್ಕೆ ಕಾಣುತ್ತದೆ. ಚಿಕ್ಕಪ್ಪನ ವಯಸ್ಸಿನ ಲೆಕ್ಕ ಹಾಕಿದರೆ ಫೋಟೋದ ವರ್ಷ ಸಿಗುತ್ತದೆ, ಕಾರಿನದಲ್ಲ.

ಹಿಂದಿನ ಕಿಟಕಿ ಬಿಟ್ಟು, ಇವೆರಡನ್ನೂ ಹೊರಗಿನಿಂದಲೇ ಬೇರೆ ಮಾಡುವ ಇನ್ನೊಂದು ಗುರುತು ಯಾವುದು? ಫೋಟೋದಲ್ಲಿ ಎಲ್ಲಿ ನೋಡಲಿ?