ಡೆಮೆನ್ಶಿಯಾ ಕೆಲಸಕ್ಕೆ ವಿದೇಶಿ ಫೆಲೋಶಿಪ್: ಡಾಕ್ಟರ್ ಅಲ್ಲದವರು ಅರ್ಜಿ ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮಾಡಿದ್ದೇನೆ. ಕೋಲಾರದ ಹಳ್ಳಿಗಳಲ್ಲಿ ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಿಗೆ ಹೋಗಿ ಕೆಲಸ ಮಾಡುತ್ತೇನೆ. ಮೆದುಳಿನ ಆರೋಗ್ಯಕ್ಕೆ ಅಟ್ಲಾಂಟಿಕ್ ಫೆಲೋಶಿಪ್ ಅಂತ ಇದೆಯಂತೆ. ಅದು ನ್ಯೂರಾಲಜಿಸ್ಟ್‌ಗಳಿಗೆ ಮಾತ್ರನಾ? ಖರ್ಚು ಯಾರದ್ದು?

ಉತ್ತರ: ಖಂಡಿತ ಹಾಕಿ. ಇದನ್ನು ನಡೆಸುವುದು ಗ್ಲೋಬಲ್ ಬ್ರೈನ್ ಹೆಲ್ತ್ ಇನ್‌ಸ್ಟಿಟ್ಯೂಟ್. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಡಬ್ಲಿನ್‌ನ ಟ್ರಿನಿಟಿ ಕಾಲೇಜು, ಎರಡೂ ಕಡೆ ಇದೆ. 2015ರಲ್ಲಿ ಅಮೆರಿಕದ ಉದ್ಯಮಿ ಚಕ್ ಫೀನಿ ಅವರ ದತ್ತಿ ಸಂಸ್ಥೆ ಅಟ್ಲಾಂಟಿಕ್ ಫಿಲಾಂತ್ರಪೀಸ್ ಕೊಟ್ಟ ದೇಣಿಗೆಯಿಂದ ಶುರುವಾಯಿತು. ಡಾಕ್ಟರ್‌ಗಳ ಜೊತೆ ನರ್ಸ್, ಸಮಾಜ ಕಾರ್ಯಕರ್ತರು, ಪತ್ರಕರ್ತರು, ಕಲಾವಿದರೂ ಫೆಲೋಗಳಾಗುತ್ತಾರೆ. ಸುಮಾರು ಒಂದು ವರ್ಷದ ತರಬೇತಿ. ಸ್ಟೈಪೆಂಡ್ ಕೊಡುತ್ತಾರೆ. ಅರ್ಜಿ ಕರೆಯುವ ದಿನಾಂಕ ಅವರ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ.

ಜಾಸ್ತಿ ಜನ ಎಡವುವುದು ಅರ್ಜಿಯ ಬರಹದಲ್ಲಿ. ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡೆಮೆನ್ಶಿಯಾ ಇದೆ ಎಂಬ ಅಂದಾಜು ಅದನ್ನು ಓದುವವರಿಗೆ ಮೊದಲೇ ಗೊತ್ತಿರುತ್ತದೆ. ನಿಮ್ಮ ಹಳ್ಳಿಯಲ್ಲಿ ಯಾರಿಗೆ ಏನು ಸಿಗುತ್ತಿಲ್ಲ, ಯಾಕೆ ಸಿಗುತ್ತಿಲ್ಲ, ಅದನ್ನು ಬರೆಯಿರಿ.

ಪ್ರಶ್ನೆ: ಒಂದು ಉದಾಹರಣೆ ಕೊಡ್ತೀರಾ ಮೇಡಂ?

ಉತ್ತರ: ನೆನಪು, ಯೋಚನಾಶಕ್ತಿ ಅಳೆಯುವ ಎಂಎಂಎಸ್‌ಇ ಪರೀಕ್ಷೆಯನ್ನೇ ತಗೊಳ್ಳಿ. 100ರಿಂದ ಏಳೇಳು ಕಳೆಯುತ್ತಾ ಹೋಗಿ ಅಂತಾರೆ. ಒಂದು ವಾಕ್ಯ ಬರೆಯಿರಿ ಅಂತಾರೆ. ಮೂಲೆಯಲ್ಲಿ ಒಂದರೊಳಗೊಂದು ಸೇರಿದ ಎರಡು ಪಂಚಕೋನ ತೋರಿಸಿ, ಹಾಗೇ ಬಿಡಿಸಿ ಅಂತಾರೆ. ಶಾಲೆಯ ಮೆಟ್ಟಿಲೇ ಹತ್ತದ ಅಜ್ಜಿಗೆ ಪೆನ್ನು ಹಿಡಿಯುವುದೇ ಹೊಸದು. ಡೈರಿಗೆ ಹಾಕಿದ ಹಾಲಿನ ಲೆಕ್ಕ ಬಾಯಲ್ಲೇ ಹೇಳುತ್ತಾರೆ, ಆದರೂ ಅಂಕ ಕಡಿಮೆ ಬರುತ್ತದೆ. ಪಕ್ಕದ ಮನೆಯಲ್ಲಿ ನಿಜಕ್ಕೂ ಕಾಯಿಲೆ ಇರುವ ತಾತನನ್ನು ಅರಳುಮರಳು ಅಂತ ಸುಮ್ನೆ ಬಿಟ್ಟಿರುತ್ತಾರೆ. ಇಬ್ಬರಿಗೂ ಅನ್ಯಾಯ ಅಲ್ವಾ? ಓದು ಬರಹ ಬಾರದವರನ್ನು ಪರೀಕ್ಷಿಸಲು ಹರಿಯಾಣದ ಬಲ್ಲಭಗಢದಲ್ಲಿ ಎಚ್‌ಎಂಎಸ್‌ಇ ಎಂಬ ಹಿಂದಿ ಪರೀಕ್ಷೆ ತಯಾರಿಸಿದ್ದು ಇದೇ ಕಾರಣಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ ಇಂಥ ಪರೀಕ್ಷೆಗಳು ಈಗ ಕನ್ನಡದಲ್ಲೂ ಇವೆ. ಅವು ನಿಮ್ಮ ಪಿಎಚ್‌ಸಿ ತನಕ ಬಂದಿವೆಯಾ? ಆಶಾ ಕಾರ್ಯಕರ್ತೆ ಯಾರನ್ನು ಎಲ್ಲಿಗೆ ಕಳಿಸಬೇಕು? ಇಂಥದ್ದನ್ನು ನಿಮ್ಮಷ್ಟು ಹತ್ತಿರದಿಂದ ಬರೆಯಬಲ್ಲವರು ಕಡಿಮೆ.

ವಾಪಸ್ ಬಂದು ಯಾರ ಜೊತೆ ಕೆಲಸ ಮಾಡುತ್ತೀರಿ ಅಂತಲೂ ಹೇಳಿ. ನಿಮ್ಮ ಜಿಲ್ಲೆಯ ಶ್ರೀನಿವಾಸಪುರದಲ್ಲೇ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ದೀರ್ಘ ಅಧ್ಯಯನ ನಡೆಯುತ್ತಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮವೂ ಇದೆ. ಈಗಲೇ ಹೋಗಿ ಮಾತಾಡಿಸಿ.

ಇನ್ನೊಬ್ಬರು: ಮೇಡಂ, ನಾನು ಸ್ಟಾಫ್ ನರ್ಸ್, ಕಲಬುರಗಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆಗುತ್ತಾ?

ಉತ್ತರ: ಪಾಠ, ಚರ್ಚೆ ಎಲ್ಲ ಇಂಗ್ಲಿಷ್‌ನಲ್ಲೇ ಇರುವುದರಿಂದ ಓದಿ, ಬರೆದು, ಮಾತಾಡಲು ಬರಲೇಬೇಕು ತಂಗಿ. ಉಚ್ಚಾರಣೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರ ಬದಲು ನಿಮ್ಮ ಕೆಲಸ ಕಣ್ಣಾರೆ ಕಂಡವರ ಹತ್ತಿರ ಕೇಳಿ. ಅವರಿಗೆ ಒಂದು ತಿಂಗಳಾದರೂ ಸಮಯ ಕೊಡಿ. ಬರಹದ ಕರಡು ಆದ ಮೇಲೆ ಇಬ್ಬರೂ ನನಗೆ ಕಳಿಸಿ, ಓದಿ ಹೇಳುತ್ತೇನೆ.